ಇಸಿಟಿಗೆ ಯಾವ ಅರಿವಳಿಕೆ? ಖಿನ್ನತೆಯ ಚಿಕಿತ್ಸೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೀವ್ರ ಖಿನ್ನತೆಗೆ ಇಸಿಟಿ (ತಲೆಗೆ ಕೆಲವು ಸೆಕೆಂಡ್ ಕರೆಂಟ್ ಕೊಟ್ಟು ಮೆದುಳಿನಲ್ಲಿ ಸೆಳವು, ಅಂದರೆ ಫಿಟ್ಸ್, ಬರಿಸುವ ಚಿಕಿತ್ಸೆ) ಕೊಡುವಾಗ ಬಳಸುವ ಅರಿವಳಿಕೆಯ ಬಗ್ಗೆ ರೋಗಿಗಳ ಮನೆಯವರು, ವಾರ್ಡಿನ ನರ್ಸ್‌ಗಳು, ಪಿ.ಜಿ. ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ಭಾಗ ಮನೆಯವರಿಗೆ, ಕೊನೆಯ ಭಾಗ ಇಸಿಟಿ ಕೋಣೆಯೊಳಗೆ ಕೆಲಸ ಮಾಡುವವರಿಗೆ. ಔಷಧದ ಪ್ರಮಾಣಗಳು ಸಾಮಾನ್ಯವಾಗಿ ಬಳಸುವಂಥವು. ಒಬ್ಬ ರೋಗಿಗೆ ಎಷ್ಟು ಅನ್ನುವುದನ್ನು ಪಕ್ಕದಲ್ಲಿ ನಿಂತ ಅರಿವಳಿಕೆ ತಜ್ಞರೇ ತೀರ್ಮಾನಿಸಬೇಕು.

## ಮೊದಲ ಸಲ ಕೇಳುವವರಿಗೆ

ನಮ್ಮಮ್ಮನಿಗೆ ಕರೆಂಟ್ ಕೊಡಬೇಕು ಅಂದಿದ್ದಾರೆ. ಎಚ್ಚರ ಇರುವಾಗಲೇ ಕೊಡ್ತಾರಾ?

ಇಲ್ಲ. ನಮ್ಮ ದೇಶದಲ್ಲಿ ಹಾಗೆ ಕೊಡುವುದಕ್ಕೆ ಕಾನೂನೇ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಎರಡೂ ಇಲ್ಲದೆ ಇಸಿಟಿ ಕೊಡುವಂತಿಲ್ಲ. ಅದೇ ಕಾಯ್ದೆಯಡಿ ತುರ್ತು ಚಿಕಿತ್ಸೆಯ ಹೆಸರಿನಲ್ಲೂ ಇಸಿಟಿ ಕೊಡುವಂತಿಲ್ಲ.

ಹಳೆಯ ಸಿನಿಮಾಗಳಲ್ಲಿ ತೋರಿಸಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆಯದೇ ಕಾಲ. 1938ರಲ್ಲಿ ರೋಮ್ ನಗರದಲ್ಲಿ ಸೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲ ಬಾರಿಗೆ ಇಸಿಟಿ ಕೊಟ್ಟಾಗ ಅರಿವಳಿಕೆ ಇರಲಿಲ್ಲ. ಸೆಳವಿನ ರಭಸಕ್ಕೆ ಬೆನ್ನುಮೂಳೆ ಮುರಿದ ರೋಗಿಗಳಿದ್ದರು. 1950ರ ದಶಕದ ಆರಂಭದಲ್ಲಿ ಸ್ನಾಯು ಸಡಿಲಿಸುವ ಔಷಧವಾದ ಸಕ್ಸಿನೈಲ್‌ಕೋಲಿನ್ ಬಳಕೆಗೆ ಬಂದ ಮೇಲೆ ಆ ಅಪಾಯ ಬಹುಮಟ್ಟಿಗೆ ಹೋಯಿತು.

ಈಗ ನಡೆಯುವುದು ಹೀಗೆ: ಕೈಗೆ ಸೂಜಿ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್, ಎದೆಗೆ ಇಸಿಜಿ, ಮುಖಕ್ಕೆ ಮಾಸ್ಕ್. ಅರಿವಳಿಕೆ ಹೋದ ಅರ್ಧ ಒಂದು ನಿಮಿಷದಲ್ಲಿ ನಿದ್ದೆ. ಆಮೇಲೆ ಸ್ನಾಯು ಸಡಿಲಿಸುವ ಔಷಧ, ಬಾಯಿಗೆ ರಬ್ಬರಿನ ಬೈಟ್ ಬ್ಲಾಕ್, ಕೆಲವು ಸೆಕೆಂಡ್ ಕರೆಂಟ್. ಸೆಳವು ಸಾಮಾನ್ಯವಾಗಿ ಅರ್ಧದಿಂದ ಒಂದು ನಿಮಿಷ. ಹೊರಗಿನಿಂದ ನೋಡಿದರೆ ಕಾಲ್ಬೆರಳು ಸ್ವಲ್ಪ ಅದುರುವುದು, ಹುಬ್ಬು ಗಂಟಿಕ್ಕುವುದು, ಅಷ್ಟೆ. ಐದು ನಿಮಿಷದ ಸುಮಾರಿಗೆ ಸ್ವಂತ ಉಸಿರು, ಹತ್ತು ಹದಿನೈದು ನಿಮಿಷಕ್ಕೆ ಹೆಸರು ಕೇಳಿದರೆ ಹೇಳುತ್ತಾರೆ.

ಇಷ್ಟು ಚಿಕ್ಕ ಕೆಲಸಕ್ಕೆ ಪೂರ್ತಿ ಅರಿವಳಿಕೆ ಯಾಕೆ? ಸ್ನಾಯು ಸಡಿಲಿಸುವ ಇಂಜೆಕ್ಷನ್ ಒಂದೇ ಸಾಲದಾ?

ಸಾಲದು. ಸ್ನಾಯು ಸಡಿಲಿಸುವ ಔಷಧ ಎಚ್ಚರವನ್ನು ಕಿಂಚಿತ್ತೂ ತಗ್ಗಿಸುವುದಿಲ್ಲ. ಉಸಿರಾಡಲು ಆಗದೆ, ಕೈ ಎತ್ತಲು ಆಗದೆ, ಎಲ್ಲ ಕೇಳಿಸಿಕೊಳ್ಳುತ್ತ ಮಲಗಿರುವುದು ಮನುಷ್ಯನಿಗೆ ಆಗಬಾರದ ಅನುಭವ. ಸೆಳವು ಬಂದರೆ ಪ್ರಜ್ಞೆ ತಾನಾಗಿಯೇ ಹೋಗುತ್ತದೆ, ನಿಜ. ಆದರೆ ಮೊದಲ ಸಲ ಕರೆಂಟ್ ಕೊಟ್ಟಾಗ ಸೆಳವು ಬರದೇ ಇರುವುದು ಅಪರೂಪವಲ್ಲ. ಆ ಹೊತ್ತಿನಲ್ಲಿ ರೋಗಿಯನ್ನು ಕಾಪಾಡುವುದು ಅರಿವಳಿಕೆ ಮಾತ್ರ.

ಹಿಂದಿನ ರಾತ್ರಿ, ಆ ದಿನ ಬೆಳಿಗ್ಗೆ ನಾವು ಏನೇನು ನೋಡಿಕೊಳ್ಳಬೇಕು?

ಗಟ್ಟಿ ಆಹಾರ, ಹಾಲು, ಕಾಫಿ ಆರು ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಬಿಪಿ ಮಾತ್ರೆಯನ್ನು ವೈದ್ಯರು ಹೇಳಿದ್ದರೆ ಒಂದು ಗುಟುಕು ನೀರಿನಲ್ಲಿ ಕೊಡಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಬಗ್ಗೆ ಮಾತ್ರ ಕೇಳದೆ ಏನೂ ಮಾಡಬೇಡಿ. ರಾತ್ರಿ ನಿದ್ದೆಗೆಂದು ಕೊಡುವ ಲೊರಾಜೆಪಾಮ್ ಅಥವಾ ಕ್ಲೊನಾಜೆಪಾಮ್ ಇದ್ದರೆ ಅದನ್ನು ಮುಂಚೆಯೇ ಹೇಳಿ, ಏಕೆಂದರೆ ಈ ಮಾತ್ರೆಗಳು ಸೆಳವನ್ನು ತಡೆಯುವಂಥವು.

ತಲೆಗೆ ಎಣ್ಣೆ ಹಚ್ಚಬೇಡಿ. ಕೇಳಲು ಸಣ್ಣ ಮಾತು, ಆದರೆ ನಮ್ಮ ಕಡೆ ಇಸಿಟಿ ಸರಿಯಾಗಿ ಆಗದಿರುವುದಕ್ಕೆ ಇದೂ ಒಂದು ಕಾರಣ. ಕೊಬ್ಬರಿ ಎಣ್ಣೆಯ ಪದರದ ಮೇಲೆ ಎಲೆಕ್ಟ್ರೋಡ್ ಇಟ್ಟರೆ ಕರೆಂಟ್ ಒಳಗೆ ಸರಿಯಾಗಿ ಹೋಗದು, ಯಂತ್ರ ತಡೆ ಹೆಚ್ಚು ಅಂತ ತೋರಿಸುತ್ತದೆ, ಚರ್ಮ ಸುಡುವ ಸಂಭವವೂ ಇದೆ. ಹಿಂದಿನ ಸಂಜೆ ಶಾಂಪೂ ಹಾಕಿ ತಲೆ ತೊಳೆದು ಒಣಗಿಸಿ. ಉಗುರಿನ ಬಣ್ಣ ತೆಗೆಯಿರಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ, ಅಲ್ಲಾಡುವ ಹಲ್ಲು ಇದ್ದರೆ ತಿಳಿಸಿ. ಒಳಗೆ ಹೋಗುವ ಮುಂಚೆ ಮೂತ್ರ ಮಾಡಿಸಿ.

ಅರಿವಳಿಕೆಯೇ ಅಪಾಯ ಅಂತ ಎಲ್ಲರೂ ಹೆದರಿಸ್ತಾರೆ. ನಿಜವಾ?

ಅಪಾಯ ಇಲ್ಲವೇ ಇಲ್ಲ ಅನ್ನಲಾಗದು, ಆದರೆ ತುಂಬಾ ಕಡಿಮೆ. ಹಲವು ದೇಶಗಳ ಅಂಕಿಅಂಶ ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಇಸಿಟಿಗೆ ಸಂಬಂಧಿಸಿದ ಸಾವು ಒಂದು ಲಕ್ಷ ಚಿಕಿತ್ಸೆಗೆ ಸುಮಾರು 2 ಅಂತ ಬಂತು. ಇತ್ತೀಚಿಗೆ ಹೃದಯಾಘಾತ ಆದವರು, ಮೆದುಳಿನಲ್ಲಿ ಒತ್ತಡ ಹೆಚ್ಚಿರುವವರು, ಹತೋಟಿಗೆ ಬಾರದ ಬಿಪಿ ಇರುವವರು, ಗೊರಕೆಯ ಜೊತೆ ಉಸಿರುಗಟ್ಟುವವರು ಹೆಚ್ಚಿನ ಎಚ್ಚರ ಬೇಕಾದವರು. ಊಟ ಬಿಟ್ಟು, ನೀರು ಬಿಟ್ಟು ಸಾಯಬೇಕು ಅನ್ನುತ್ತಿರುವ ರೋಗಿಗೆ ಚಿಕಿತ್ಸೆ ಕೊಡದೆ ಇರುವುದರ ಅಪಾಯವನ್ನೂ ಅದೇ ತಕ್ಕಡಿಯಲ್ಲಿ ಇಟ್ಟು ತೂಗಬೇಕು.

## ಔಷಧಗಳ ಬಗ್ಗೆ

ನಿದ್ದೆ ಬರಿಸುವ ಔಷಧಕ್ಕೂ ಖಿನ್ನತೆ ವಾಸಿಯಾಗುವುದಕ್ಕೂ ಏನು ಸಂಬಂಧ?

ಇಸಿಟಿಯಲ್ಲಿ ಗುಣ ಕೊಡುವುದು ಸೆಳವು. ಅರಿವಳಿಕೆ ಔಷಧಗಳಲ್ಲಿ ಬಹುಪಾಲು ಸೆಳವು ನಿಲ್ಲಿಸುವ ಔಷಧಗಳೇ. ಫಿಟ್ಸ್ ನಿಲ್ಲದೆ ಐಸಿಯುಗೆ ಬಂದವರಿಗೆ ಕೊನೆಗೆ ಕೊಡುವುದೂ ಥಯೋಪೆಂಟೋನ್, ಪ್ರೊಪೊಫಾಲ್ ಇವನ್ನೇ. ಅಂದರೆ ಇಸಿಟಿ ಕೋಣೆಯಲ್ಲಿ ಒಂದು ಕೈಯಿಂದ ಸೆಳವು ತಡೆಯುವ ಔಷಧ ಕೊಟ್ಟು, ಇನ್ನೊಂದು ಕೈಯಿಂದ ಸೆಳವು ಬರಿಸುತ್ತೇವೆ. ಈ ಎಳೆದಾಟದಲ್ಲಿ ಔಷಧ ಜಾಸ್ತಿಯಾದರೆ ಮೂರು ತೊಂದರೆ: ಸೆಳವು ಬರಲು ಹೆಚ್ಚು ಕರೆಂಟ್ ಬೇಕಾಗುತ್ತದೆ, ಬಂದ ಸೆಳವು ಬೇಗ ನಿಲ್ಲುತ್ತದೆ, ಮೆದುಳಿನ ವಿದ್ಯುತ್ ಅಲೆ ತೋರಿಸುವ ಇಇಜಿಯಲ್ಲಿ ಅಲೆಗಳು ಸಣಕಲಾಗಿ ಕಾಣುತ್ತವೆ.

ಹಾಗಾದರೆ ಔಷಧ ಬದಲಿಸಿದರೆ ಖಿನ್ನತೆಯ ಫಲಿತಾಂಶವೇ ಬದಲಾಗುತ್ತದೆಯೇ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆ 18 ಪ್ರಯೋಗಗಳನ್ನು, 599 ರೋಗಿಗಳನ್ನು ಒಟ್ಟಿಗೆ ನೋಡಿತು. ಸೆಳವಿನ ಅವಧಿಯಲ್ಲಿ, ಚೇತರಿಸಿಕೊಳ್ಳುವ ಸಮಯದಲ್ಲಿ ವ್ಯತ್ಯಾಸ ಇತ್ತು. ಖಿನ್ನತೆಯ ಅಂಕಗಳನ್ನು ಹೋಲಿಸಲು ಸಾಧ್ಯವಾದ ಕಡೆ, ಉದಾಹರಣೆಗೆ ಪ್ರೊಪೊಫಾಲ್ ಮತ್ತು ಮೆಥೋಹೆಕ್ಸಿಟಲ್ ನಡುವೆ, ವ್ಯತ್ಯಾಸ ಕಾಣಲಿಲ್ಲ. ಪ್ರಯೋಗಗಳ ಗುಣಮಟ್ಟ ಮಾತ್ರ ಹೇಳಿಕೊಳ್ಳುವಂತಿರಲಿಲ್ಲ.

ನಮ್ಮ ನಿಲುವು ಇದು: ಔಷಧದ ಹೆಸರಿಗಿಂತ ಎಷ್ಟು ಕೊಟ್ಟಿರಿ, ಕೊಟ್ಟ ಎಷ್ಟು ಹೊತ್ತಿಗೆ ಕರೆಂಟ್ ಒತ್ತಿದಿರಿ, ಪ್ರತಿ ಸಲವೂ ಅದನ್ನೇ ಮಾಡಿದಿರಾ ಅನ್ನುವ ಮೂರು ವಿಷಯ ದೊಡ್ಡವು.

ಯಾವ ಔಷಧ ಒಳ್ಳೆಯದು? ಒಂದೊಂದಾಗಿ ಹೇಳಿ.

ಥಯೋಪೆಂಟೋನ್ ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಇರುವ, ಅಗ್ಗದ ಔಷಧ. ಪ್ರತಿ ಕಿಲೋಗೆ 2ರಿಂದ 4 ಮಿ.ಗ್ರಾಂ. ಹಳದಿ ಪುಡಿ, 500 ಮಿ.ಗ್ರಾಂ ವಯಲ್‌ಗೆ 20 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಒಂದು ಮಿ.ಲೀ.ನಲ್ಲಿ 25 ಮಿ.ಗ್ರಾಂ. 60 ಕಿಲೋ ರೋಗಿಗೆ 3 ಮಿ.ಗ್ರಾಂ ಲೆಕ್ಕದಲ್ಲಿ 180 ಮಿ.ಗ್ರಾಂ, ಅಂದರೆ ಏಳು ಮಿ.ಲೀ.ಗಿಂತ ಒಂಚೂರು ಜಾಸ್ತಿ. ಸೆಳವಿನ ಅವಧಿ ಪ್ರೊಪೊಫಾಲ್‌ಗಿಂತ ಉದ್ದ, ಎಚ್ಚರವಾಗುವುದು ಸ್ವಲ್ಪ ನಿಧಾನ. ದ್ರಾವಣ ತೀರಾ ಕ್ಷಾರೀಯ. ರಕ್ತನಾಳದ ಹೊರಗೆ ಸೋರಿದರೆ ಅಂಗಾಂಶ ಕೊಳೆಯುತ್ತದೆ, ತಪ್ಪಿ ಅಪಧಮನಿಗೆ ಹೋದರೆ ಬೆರಳುಗಳೇ ಹೋಗಬಹುದು. ಅದೇ ಲೈನ್‌ನಲ್ಲಿ ತಕ್ಷಣ ಸಕ್ಸಿನೈಲ್‌ಕೋಲಿನ್ ಹಾಕಿದರೆ ಎರಡೂ ಹೊಂದುವುದಿಲ್ಲ, ನಡುವೆ ಸಲೈನ್ ಬಿಟ್ಟು ತೊಳೆಯಲೇಬೇಕು. ಪೋರ್ಫಿರಿಯಾ ಎಂಬ ಅಪರೂಪದ ಕಾಯಿಲೆ ಇರುವವರಿಗೆ ಇದು ನಿಷಿದ್ಧ.

ಮೆಥೋಹೆಕ್ಸಿಟಲ್ ಅಮೆರಿಕದಲ್ಲಿ ಇಸಿಟಿಯ ಮಾನದಂಡದ ಔಷಧ, ಪ್ರತಿ ಕಿಲೋಗೆ 0.5ರಿಂದ 1 ಮಿ.ಗ್ರಾಂ. ಸೆಳವನ್ನು ಕಡಿಮೆ ತಡೆಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗದು. ಆದ್ದರಿಂದ ವಿದೇಶಿ ಪಠ್ಯಪುಸ್ತಕದ ಅಂಕಿಗಳನ್ನು ಥಯೋಪೆಂಟೋನ್‌ಗೆ ಹಾಗೇ ಅನ್ವಯಿಸಬೇಡಿ.

ಪ್ರೊಪೊಫಾಲ್, ಆ ಹಾಲಿನಂಥ ಬಿಳಿ ಔಷಧ, ಪ್ರತಿ ಕಿಲೋಗೆ 0.75ರಿಂದ 1.5 ಮಿ.ಗ್ರಾಂ. ಬಿಪಿ ಏರುವುದನ್ನು ಚೆನ್ನಾಗಿ ತಗ್ಗಿಸುತ್ತದೆ, ವಾಕರಿಕೆ ಕಡಿಮೆ, ಎಚ್ಚರವಾಗುವುದು ಹಗುರ. ಸೆಳವನ್ನು ಮೊಟಕು ಮಾಡುವುದು ಇದರ ದೋಷ. ಇಂಜೆಕ್ಷನ್ ಉರಿಯುತ್ತದೆ. ಉರಿ ತಡೆಯಲು ಆಪರೇಷನ್ ಥಿಯೇಟರಿನ ಅಭ್ಯಾಸದಂತೆ ಲಿಗ್ನೋಕೇನ್ ಬೆರೆಸುವವರಿದ್ದಾರೆ. ಇಸಿಟಿಯಲ್ಲಿ ಅದು ಬೇಡ, ರಕ್ತಕ್ಕೆ ಹೋದ ಲಿಗ್ನೋಕೇನ್ ಕೂಡ ಸೆಳವನ್ನು ಮೊಟಕಾಗಿಸುತ್ತದೆ. ಅಂಗೈ ಹಿಂಭಾಗದ ಸಣ್ಣ ನಾಳ ಬಿಟ್ಟು ಮೊಣಕೈ ಮಡಿಕೆಯ ದೊಡ್ಡ ನಾಳ ಹಿಡಿದರೆ ಉರಿ ತಾನಾಗಿ ಕಡಿಮೆ.

ಎಟೊಮಿಡೇಟ್, ಪ್ರತಿ ಕಿಲೋಗೆ 0.15ರಿಂದ 0.3 ಮಿ.ಗ್ರಾಂ. ಸೆಳವು ಉದ್ದವಾಗಿ ಬರುತ್ತದೆ, ಹೃದಯ ದುರ್ಬಲ ಇರುವವರಲ್ಲಿ ಬಿಪಿ ಕುಸಿಯದು. ಆದರೆ ಸೆಳವಿನ ವೇಳೆ ಏರುವ ಬಿಪಿಗೆ ಇದು ಕಡಿವಾಣ ಹಾಕುವುದೂ ಇಲ್ಲ. ಮಲಗಿಸುವಾಗಲೇ ಕೈಕಾಲು ಅದುರಿದರೆ ಅದನ್ನು ಸೆಳವೆಂದು ಎಣಿಸಬಾರದು. ಒಂದೇ ಡೋಸ್‌ಗೂ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ತಯಾರಿ ಕೆಲವು ಗಂಟೆ ತಗ್ಗುತ್ತದೆ. ವಾರಕ್ಕೆ ಮೂರು ಸಲ ಕೊಡುವಾಗ ಇದು ನೆನಪಿರಲಿ.

ಕೆಟಮಿನ್ ಬಗ್ಗೆ ಪ್ರತ್ಯೇಕವಾಗಿ ಕೇಳುತ್ತಾರೆ, ಮುಂದೆ ಇದೆ.

ಆಯ್ಕೆ ನಮ್ಮದೇ ಆದರೆ: ಆರೋಗ್ಯವಾಗಿರುವ ನಡುವಯಸ್ಸಿನವರಿಗೆ ಥಯೋಪೆಂಟೋನ್ ಅಥವಾ ಪ್ರೊಪೊಫಾಲ್, ತಂಡಕ್ಕೆ ಯಾವುದು ಕೈಗೆ ಪಳಗಿದೆಯೋ ಅದು. ಬಿಪಿ ಮತ್ತು ವಾಂತಿಯ ತೊಂದರೆ ಇದ್ದರೆ ಪ್ರೊಪೊಫಾಲ್. ಯಂತ್ರದ ಗರಿಷ್ಠ ಮಟ್ಟಕ್ಕೆ ಹೋದರೂ ಸೆಳವು ಬಾರದ ಹಿರಿಯರಿಗೆ ಎಟೊಮಿಡೇಟ್ ಅಥವಾ ಕೆಟಮಿನ್.

ಪ್ರೊಪೊಫಾಲ್‌ನಲ್ಲಿ ಸೆಳವು ಕಮ್ಮಿ ಸೆಕೆಂಡ್ ಬರುತ್ತೆ. ಹಾಗಾದ್ರೆ ಗುಣವೂ ಕಮ್ಮಿ ಆಗಲ್ವಾ?

ಸೆಕೆಂಡುಗಳನ್ನೇ ಗುಣದ ಅಳತೆ ಅಂದುಕೊಂಡಿದ್ದು ಹಿಂದಿನ ತಪ್ಪು. 1993ರಲ್ಲಿ ಹೆರಾಲ್ಡ್ ಸ್ಯಾಕೈಮ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಒಡೆದು ತೋರಿಸಿತು. ತಲೆಯ ಬಲಬದಿಗೆ ಮಾತ್ರ, ಸೆಳವು ಬರಲು ಸಾಕಾಗುವಷ್ಟೇ ಕರೆಂಟ್ ಕೊಟ್ಟ ಗುಂಪಿನಲ್ಲಿ ಸೆಳವು ಸಾಕಷ್ಟು ಉದ್ದ ಬಂದರೂ ಸುಧಾರಿಸಿದವರು 17%. ಎರಡೂ ಬದಿಗೆ ಕೊಟ್ಟ ಗುಂಪುಗಳಲ್ಲಿ 60% ದಾಟಿತು. ಅಂದರೆ ಎಷ್ಟು ಹೊತ್ತು ಅನ್ನುವುದಕ್ಕಿಂತ, ಮಿತಿಗಿಂತ (ಆ ರೋಗಿಗೆ ಸೆಳವು ಬರಲು ಬೇಕಾದ ಕನಿಷ್ಠ ಕರೆಂಟ್‌ಗಿಂತ) ಎಷ್ಟು ಮೇಲೆ ಕರೆಂಟ್ ಕೊಟ್ಟಿರಿ ಮತ್ತು ಎಲ್ಲಿ ಕೊಟ್ಟಿರಿ ಅನ್ನುವುದು ಮುಖ್ಯ. ಕೆಫೀನ್ ಕೊಟ್ಟು ಸೆಳವಿನ ಸೆಕೆಂಡ್ ಹಿಗ್ಗಿಸಬಹುದು, ಆದರೆ ಮಿತಿ ಇಳಿಯುವುದಿಲ್ಲ.

ಪ್ರೊಪೊಫಾಲ್‌ನಲ್ಲಿ ಇಇಜಿಯಲ್ಲಿ 22 ಸೆಕೆಂಡ್ ಬಂತು, ಅಲೆಗಳು ಎತ್ತರವಾಗಿದ್ದವು, ಎರಡೂ ಬದಿ ಒಂದೇ ತಾಳದಲ್ಲಿದ್ದವು, ಮುಗಿದ ತಕ್ಷಣ ಗೆರೆ ಚಪ್ಪಟೆಯಾಯಿತು, ನಾಡಿ ಚೆನ್ನಾಗಿ ಏರಿತ್ತು ಎಂದಿಟ್ಟುಕೊಳ್ಳಿ. ಇದು 50 ಸೆಕೆಂಡಿನ ಸಣಕಲು ಸೆಳವಿಗಿಂತ ಮೇಲು. ಹತ್ತು ಸೆಕೆಂಡಿಗೇ ಕರಗಿಹೋದರೆ ಮಾತ್ರ ಡೋಸ್ ನೋಡಲೇಬೇಕು.

ಕೆಟಮಿನ್ ಖಿನ್ನತೆಗೇ ಔಷಧ ಅಂತಾರಲ್ಲ. ಅದನ್ನೇ ಅರಿವಳಿಕೆಯಾಗಿ ಕೊಟ್ಟರೆ ಎರಡು ಲಾಭ ಅಲ್ವಾ?

ಎಲ್ಲರಿಗೂ ಹಾಗೇ ಅನ್ನಿಸಿತ್ತು, ಆಸೆ ಪಡುವುದಕ್ಕೆ ಕಾರಣವೂ ಇತ್ತು. ಕೆಟಮಿನ್ ಉಳಿದವುಗಳಂತೆ ಗಾಬಾ (ಮೆದುಳನ್ನು ಶಾಂತಗೊಳಿಸುವ ರಾಸಾಯನಿಕ) ದಾರಿಯಲ್ಲಿ ಕೆಲಸ ಮಾಡುವುದಿಲ್ಲ, ಮೆದುಳನ್ನು ಕೆರಳಿಸುವ, ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ. ಹಾಗಾಗಿ ಸೆಳವನ್ನು ಅಷ್ಟಾಗಿ ಅಡಗಿಸದು. ಪ್ರಯೋಗಗಳ ಫಲ ಮಾತ್ರ ಆಸೆಯಷ್ಟು ದೊಡ್ಡದಿರಲಿಲ್ಲ. 2017ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಮಾಮೂಲಿ ಅರಿವಳಿಕೆಗೆ ಪ್ರತಿ ಕಿಲೋಗೆ 0.5 ಮಿ.ಗ್ರಾಂ ಕೆಟಮಿನ್ ಸೇರಿಸಿ ನೋಡಿತು. ನೆನಪಿಗೂ ಲಾಭ ಇಲ್ಲ, ಖಿನ್ನತೆಗೂ ಹೆಚ್ಚಿನ ಲಾಭ ಇಲ್ಲ. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಕೆಟಮಿನ್ ಮತ್ತು ಪ್ರೊಪೊಫಾಲ್ ಅನ್ನು ನೇರ ಹೋಲಿಸಿದಾಗಲೂ ಕೋರ್ಸ್ ಮುಗಿಯುವ ಹೊತ್ತಿಗೆ ಎರಡೂ ಸಮ. ಮೊದಲ ಕೆಲವು ಸಲಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ ಅನ್ನುವ ವರದಿಗಳಿವೆ, ಕೊನೆಯವರೆಗೆ ಉಳಿಯುವ ಲಾಭ ಸಾಬೀತಾಗಿಲ್ಲ.

ಇಲ್ಲಿ ಎರಡು ಬೇರೆ ಪ್ರಶ್ನೆ ಕಲಸಿಹೋಗುತ್ತವೆ. ಇಸಿಟಿಗೆ ಅರಿವಳಿಕೆಯಾಗಿ ಕೆಟಮಿನ್ ಒಂದು. ಇಸಿಟಿಯ ಬದಲಿಗೇ ಕೆಟಮಿನ್ ಡ್ರಿಪ್ ಇನ್ನೊಂದು. ಎರಡನೆಯದಕ್ಕೆ 2023ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಭ್ರಮೆಯ ಲಕ್ಷಣ ಇಲ್ಲದ, ಔಷಧಕ್ಕೆ ಬಗ್ಗದ ಖಿನ್ನತೆಯಲ್ಲಿ ಸುಧಾರಿಸಿದವರು ಕೆಟಮಿನ್‌ನಲ್ಲಿ 55.4%, ಇಸಿಟಿಯಲ್ಲಿ 41.2%. ಸ್ವೀಡನ್ನಿನಲ್ಲಿ ಆಸ್ಪತ್ರೆಗೆ ದಾಖಲಾದವರ ಮೇಲೆ ನಡೆದ ಪ್ರಯೋಗದಲ್ಲಿ ಪೂರ್ತಿ ಚೇತರಿಕೆ ಇಸಿಟಿಯಲ್ಲಿ 63%, ಕೆಟಮಿನ್‌ನಲ್ಲಿ 46%. ಎಂಥ ರೋಗಿಗಳನ್ನು ತೆಗೆದುಕೊಂಡರು ಅನ್ನುವುದು ಈ ಅಂತರದ ಒಂದು ಕಾರಣ. ಈ ಅಂಕಿಗಳನ್ನು ಹಿಡಿದು ಇಸಿಟಿಗೆ ಕೆಟಮಿನ್ ಅರಿವಳಿಕೆಯೇ ಬೇಕು ಅಂತ ವಾದಿಸುವುದು ಸರಿಯಲ್ಲ.

ಅರಿವಳಿಕೆಯಾಗಿ ಕೊಡುವಾಗ ಪ್ರತಿ ಕಿಲೋಗೆ 0.7ರಿಂದ 2 ಮಿ.ಗ್ರಾಂ. ಬಿಪಿ ಏರುವುದು, ಎದ್ದ ಮೇಲೆ ಗಾಬರಿ, ವಿಚಿತ್ರ ಕನಸು, ವಾಕರಿಕೆ ಇದರ ಕಾಟಗಳು. ಪ್ರೊಪೊಫಾಲ್ ಜೊತೆ ಬೆರೆಸಿ ಎರಡರ ಡೋಸನ್ನೂ ಇಳಿಸುವುದು ಒಂದು ಒಳ್ಳೆಯ ನಡುದಾರಿ.

ಮರೆವು ಬರೋದು ಅರಿವಳಿಕೆಯಿಂದಲೋ ಕರೆಂಟ್‌ನಿಂದಲೋ?

ಮೊದಲ ಒಂದೆರಡು ಗಂಟೆಯ ಮಂಕಿನಲ್ಲಿ ಅರಿವಳಿಕೆಯ ಪಾಲಿದೆ. ವಾರಗಳ ಕಾಲ ಉಳಿಯುವ ಮರೆವಿಗೆ ಎಲೆಕ್ಟ್ರೋಡ್ ಎಲ್ಲಿ ಇಟ್ಟರು, ಕರೆಂಟಿನ ಪ್ರತಿ ಮಿಡಿತ (ಪಲ್ಸ್) ಎಷ್ಟು ಅಗಲ, ಒಟ್ಟು ಕರೆಂಟ್ ಎಷ್ಟು, ವಾರಕ್ಕೆ ಎಷ್ಟು ಸಲ ಅನ್ನುವುದೇ ಮುಖ್ಯ ಕಾರಣ. ಅರಿವಳಿಕೆ ಇಲ್ಲಿ ಹಿಂಬಾಗಿಲಿನಿಂದ ಬರುತ್ತದೆ: ಡೋಸ್ ಜಾಸ್ತಿಯಾಗಿ ಮಿತಿ ಏರಿದರೆ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ.

## ಇಸಿಟಿ ಕೋಣೆಯೊಳಗೆ

ಔಷಧ ಕೊಟ್ಟ ಎಷ್ಟು ಹೊತ್ತಿಗೆ ಕರೆಂಟ್ ಕೊಡಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಅದೇ ಔಷಧ, ಅದೇ ಡೋಸ್ ಇದ್ದರೂ 60 ಸೆಕೆಂಡಿಗೆ ಒತ್ತಿದಾಗ ಬರುವ ಸೆಳವಿಗೂ 150 ಸೆಕೆಂಡಿಗೆ ಒತ್ತಿದಾಗ ಬರುವ ಸೆಳವಿಗೂ ಗುಣಮಟ್ಟದಲ್ಲಿ ವ್ಯತ್ಯಾಸ ಇರುತ್ತದೆ. ಒಂದೇ ಸಲಕ್ಕೆ ಕೊಟ್ಟ ಔಷಧ ಮೆದುಳಿನಲ್ಲಿ ಬೇಗ ಮೇಲೇರಿ, ಆಮೇಲೆ ಮೈಯ ಉಳಿದ ಭಾಗಕ್ಕೆ ಹಂಚಿಹೋಗುತ್ತದೆ. ಆ ಇಳಿತಕ್ಕೆ ಕಾದರೆ ಸೆಳವಿಗೆ ಅಡ್ಡಿ ಕಡಿಮೆ.

ಗಡಿಯಾರ ಇಟ್ಟುಕೊಂಡು ಹೀಗೆ ಮಾಡಬಹುದು. ಮೊದಲು ಮೂರು ನಿಮಿಷ 100% ಆಕ್ಸಿಜನ್. ಅರಿವಳಿಕೆ ಕೊಡಲು ಶುರು ಮಾಡಿದ ಕ್ಷಣ ಸ್ಟಾಪ್‌ವಾಚ್ ಒತ್ತಿ. ಕಣ್ಣುರೆಪ್ಪೆ ಮುಟ್ಟಿದರೆ ಮಿಟುಕದು, ಕರೆದರೆ ಓಗೊಡರು ಅಂದಾಗ ಒಂದು ಕಾಲಿನ ಕಣಕಾಲಿಗೆ ಸುತ್ತಿದ ಬಿಪಿ ಪಟ್ಟಿಯನ್ನು ಸಿಸ್ಟಾಲಿಕ್‌ಗಿಂತ ಚೆನ್ನಾಗಿ ಮೇಲಕ್ಕೆ ಉಬ್ಬಿಸಿ, ಸ್ನಾಯು ಸಡಿಲಿಸುವ ಔಷಧ ಆ ಪಾದಕ್ಕೆ ಹೋಗದಿರಲಿ. ಬಲಬದಿಯ ಇಸಿಟಿ ಆದರೆ ಬಲಗಾಲೇ ಇರಲಿ, ಸೆಳವು ಮೆದುಳಿನ ಆಚೆ ಬದಿಗೂ ಹರಡಿತೇ ಅಂತ ಆ ಪಾದ ಹೇಳುತ್ತದೆ. ಈಗ ಸಲೈನ್ ಬಿಟ್ಟು ಸಕ್ಸಿನೈಲ್‌ಕೋಲಿನ್, ಪ್ರತಿ ಕಿಲೋಗೆ 0.5ರಿಂದ 1 ಮಿ.ಗ್ರಾಂ. ಹಣೆ, ಎದೆ, ತೊಡೆ ದಾಟಿ ಕಾಲ್ಬೆರಳಿನಲ್ಲಿ ಸಣ್ಣ ಅದುರು ಬಂದು ನಿಲ್ಲುವವರೆಗೆ ಕಾಯಿರಿ. ಅಷ್ಟರಲ್ಲಿ ಮಾಸ್ಕ್‌ನಿಂದ ಉಸಿರು ಕೊಡುತ್ತಲೇ ಇರಬೇಕು. ಬೈಟ್ ಬ್ಲಾಕ್ ಇಟ್ಟು, ನಾಲಿಗೆ ತುಟಿ ಸಿಕ್ಕಿಕೊಂಡಿಲ್ಲವೆಂದು ನೋಡಿ, ಗದ್ದ ಮೇಲಕ್ಕೆ ಒತ್ತಿ ಹಿಡಿಯಿರಿ. ಕರೆಂಟ್ ದವಡೆಯ ಸ್ನಾಯುವಿಗೆ ನೇರ ಮುಟ್ಟುವುದರಿಂದ ಸಕ್ಸಿನೈಲ್‌ಕೋಲಿನ್ ಕೊಟ್ಟಿದ್ದರೂ ಹಲ್ಲು ಕಚ್ಚಿಯೇ ಕಚ್ಚುತ್ತಾರೆ.

ಅರಿವಳಿಕೆಯಿಂದ ಕರೆಂಟ್‌ವರೆಗೆ ಎರಡು ನಿಮಿಷದ ಆಸುಪಾಸು ಸಿಗುವಂತೆ ನೋಡಿಕೊಳ್ಳಿ. ಬರೆದ ಸಮಯವನ್ನು ಮುಂದಿನ ಸಲವೂ ಅಷ್ಟೇ ಇಡಿ.

ಕಮ್ಮಿ ಡೋಸ್ ಕೊಟ್ಟರೆ ಸೆಳವು ಚೆನ್ನಾಗಿ ಬರುತ್ತೆ. ಹಾಗಂತ ಇಳಿಸ್ತಾ ಹೋಗಬಹುದಾ?

ಒಂದು ಮಿತಿಯವರೆಗೆ. ಅದರ ಕೆಳಗೆ ಇಳಿದರೆ ಸ್ನಾಯು ಸಡಿಲಗೊಂಡ ಸ್ಥಿತಿಯಲ್ಲಿ ರೋಗಿಗೆ ಎಚ್ಚರವಾಗುವ ಅಪಾಯ ಇದೆ, ಎರಡು ನಿಮಿಷ ಕಾಯುವ ಪದ್ಧತಿಯಲ್ಲಂತೂ ಇನ್ನೂ ಹೆಚ್ಚು. ಪಟ್ಟಿ ಬಿಗಿದ ಕಾಲಿಗೆ ಸಕ್ಸಿನೈಲ್‌ಕೋಲಿನ್ ತಲುಪಿರುವುದಿಲ್ಲ. ಕರೆಂಟ್‌ಗೆ ಮುಂಚೆ ಆ ಕಾಲು ತಾನಾಗಿ ಅಲ್ಲಾಡಿದರೆ, ಕಣ್ಣಲ್ಲಿ ನೀರು ಬಂದರೆ, ನಾಡಿ ಓಡಿದರೆ ಎಚ್ಚರವೆಂದೇ ತಿಳಿದು ಔಷಧ ಸೇರಿಸಿ. ಸೆಳವು ಹಾಳಾದೀತು ಅಂತ ಯೋಚಿಸುವ ಹೊತ್ತಲ್ಲ ಅದು. ಪ್ರತಿ ಸಲವೂ ಎದ್ದ ಮೇಲೆ, ಮಲಗುವ ಮುಂಚೆ ಕೊನೆಯದಾಗಿ ಏನು ನೆನಪಿದೆ ಅಂತ ಕೇಳಿ. ಉಸಿರು ಕಟ್ಟಿದ ಹಾಗಾಯಿತು ಅಂತ ಯಾರಾದರೂ ಹೇಳಿದರೆ ಖಿನ್ನತೆಯ ಮಾತು ಅಂತ ತಳ್ಳಿಹಾಕಬೇಡಿ.

ಡೋಸ್ ಇಳಿಸಲೇಬೇಕಾದರೆ ಪ್ರತಿ ಕಿಲೋಗೆ 1 ಮೈಕ್ರೋಗ್ರಾಂ ರೆಮಿಫೆಂಟಾನಿಲ್ ಸೇರಿಸುವುದು ಸುರಕ್ಷಿತ ದಾರಿ. ಅದು ಸೆಳವನ್ನು ತಡೆಯುವುದಿಲ್ಲ, ಅರಿವಳಿಕೆಯ ಪ್ರಮಾಣ ತಗ್ಗಿಸಲು ಅವಕಾಶ ಕೊಡುತ್ತದೆ. ಆದರೆ ಅದೊಂದರಿಂದಲೇ ನಿದ್ದೆ ಖಚಿತವಲ್ಲ.

ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಜೋರಾಗಿ ಒತ್ತಿ ಅಂತಾರಲ್ಲ, ಯಾಕೆ?

ಹೆಚ್ಚು ಉಸಿರು ಕೊಟ್ಟಾಗ ರಕ್ತದ ಕಾರ್ಬನ್ ಡೈ ಆಕ್ಸೈಡ್ ಇಳಿಯುತ್ತದೆ, ಸೆಳವು ಸುಲಭವಾಗುತ್ತದೆ. ಹೊರಬಿಡುವ ಉಸಿರಿನಲ್ಲಿ ಅದು 30 ಮಿ.ಮೀ. ಸುಮಾರಿಗೆ ಬಂದರೆ ಸಾಕು. ಖರ್ಚಿಲ್ಲದ, ಔಷಧವಿಲ್ಲದ ಉಪಾಯ ಇದು, ಆದರೂ ಆತುರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಕರೆಂಟ್ ಕೊಟ್ಟರೂ ಸೆಳವೇ ಬರಲಿಲ್ಲ. ಈಗೇನು?

ಒಂದು ಇಪ್ಪತ್ತು ಸೆಕೆಂಡ್ ಕಾಯಿರಿ, ಕೆಲವರಲ್ಲಿ ತಡವಾಗಿ ಶುರುವಾಗುತ್ತದೆ. ಅಷ್ಟರಲ್ಲಿ ಎಲೆಕ್ಟ್ರೋಡ್ ಜಾರಿತ್ತೇ, ಕೂದಲೆಣ್ಣೆ ಇತ್ತೇ, ಜೆಲ್ ಸಾಕಿತ್ತೇ ನೋಡಿ. ಉಸಿರು ಕೊಡುತ್ತ ಕರೆಂಟ್ ಅನ್ನು 50ರಿಂದ 100% ಏರಿಸಿ ಮತ್ತೊಮ್ಮೆ ಕೊಡಬಹುದು. ಚಿಕ್ಕ ಸೆಳವೊಂದು ಬಂದು ನಿಂತಿದ್ದರೆ ಮಾತ್ರ ಮೆದುಳು ಮತ್ತೆ ಸಿದ್ಧವಾಗಲು ಒಂದು ನಿಮಿಷದಷ್ಟು ಬಿಡಿ. ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ. ತಡವಾಗುತ್ತಿದ್ದರೆ ಅರಿವಳಿಕೆ ಮತ್ತೆ ಸೇರಿಸಬೇಕಾದೀತು, ಆ ಸೇರ್ಪಡೆ ಮಿತಿಯನ್ನು ಮತ್ತೆ ಏರಿಸುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಸೆಳವು ಬಾರದೆ ಬರೀ ಕರೆಂಟ್ ಹೋದಾಗ ವೇಗಸ್ ನರ ಕೆರಳಿ ನಾಡಿ ತೀರಾ ನಿಧಾನವಾಗಬಹುದು, ಕೆಲವು ಸೆಕೆಂಡ್ ನಿಲ್ಲಲೂಬಹುದು. ಆದ್ದರಿಂದಲೇ ಮಿತಿ ಹುಡುಕುವ ಮೊದಲ ದಿನ ಮತ್ತು ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಮುಂಚೆಯೇ ಗ್ಲೈಕೋಪೈರೊಲೇಟ್ 0.2 ಮಿ.ಗ್ರಾಂ ಅಥವಾ ಅಟ್ರೋಪಿನ್ 0.6 ಮಿ.ಗ್ರಾಂ ಕೊಡುವುದು ಜಾಣತನ.

ಸಂಜೆ ಕೂತು ಕಾರಣ ಹುಡುಕಿ. ರಾತ್ರಿ ಲೊರಾಜೆಪಾಮ್ ಥರದ ಬೆಂಜೊಡಯಜೆಪೈನ್ ಹೋಗಿತ್ತೇ, ಫಿಟ್ಸ್ ತಡೆಯುವ ವ್ಯಾಲ್ಪ್ರೊಯೇಟ್ ನಡೆಯುತ್ತಿದೆಯೇ, ಅರಿವಳಿಕೆ ತೂಕಕ್ಕೆ ಜಾಸ್ತಿಯಾಯಿತೇ, ಬೇಗ ಒತ್ತಿದರೇ. ಬೆಂಜೊಡಯಜೆಪೈನ್ ಬಿಡಲಾಗದವರಿಗೆ ಅರಿವಳಿಕೆಯ ಜೊತೆ ಫ್ಲುಮಜೆನಿಲ್ 0.2ರಿಂದ 0.5 ಮಿ.ಗ್ರಾಂ ಕೊಡಬಹುದು. ಔಷಧವನ್ನೇ ಬದಲಿಸುವುದು ಇದೆಲ್ಲ ಆದ ಮೇಲೆ.

ಸೆಳವು ನಿಲ್ತಾನೇ ಇಲ್ಲ ಅಂದ್ರೆ?

ಎರಡು ನಿಮಿಷ ದಾಟಿದರೆ ನಿಲ್ಲಿಸಲು ಸಿದ್ಧರಾಗಿ, ಮೂರು ದಾಟಲು ಬಿಡಬೇಡಿ. ಕೊಟ್ಟಿದ್ದ ಅರಿವಳಿಕೆಯನ್ನೇ ಇನ್ನಷ್ಟು, ಥಯೋಪೆಂಟೋನ್ 50ರಿಂದ 100 ಮಿ.ಗ್ರಾಂ ಅಥವಾ ಪ್ರೊಪೊಫಾಲ್ 30ರಿಂದ 50 ಮಿ.ಗ್ರಾಂ, ಇಲ್ಲವೇ ಮಿಡಜೋಲಾಮ್. ಕೈಕಾಲು ನಿಂತಿತೆಂದು ಮೋಸಹೋಗಬೇಡಿ, ಇಇಜಿಯಲ್ಲಿ ನಿಂತಿರಬೇಕು. ಮಿತಿಯ ಹತ್ತಿರದ ಕರೆಂಟ್‌ಗೆ ಬರುವ ಮೊದಲ ಸೆಳವು ಕೆಲವೊಮ್ಮೆ ಅತಿ ಉದ್ದ ಬರುತ್ತದೆ. ಹಾಗಾಗಿ ಮುಂದಿನ ಸಲ ಕರೆಂಟ್ ಇಳಿಸುವ ಬದಲು ಏರಿಸುವುದೇ ಬಹಳ ಸಲ ಸರಿಯಾದ ಉತ್ತರ.

## ತೊಡಕಿನ ರೋಗಿಗಳು

ಬಿಪಿ 200 ದಾಟುತ್ತೆ. ಅರಿವಳಿಕೆ ಬದಲಿಸಬೇಕಾ, ಬೇರೆ ಔಷಧ ಸೇರಿಸಬೇಕಾ?

ಆರೋಗ್ಯವಂತರಲ್ಲಿ ಕೆಲವು ನಿಮಿಷದ ಏರಿಕೆ ತಾನೇ ಇಳಿಯುತ್ತದೆ, ಪ್ರತಿ ಅಂಕಿಯನ್ನೂ ಬೆನ್ನಟ್ಟಬೇಡಿ. ಹೃದಯದ ತೊಂದರೆ ಇದ್ದರೆ ಪ್ರೊಪೊಫಾಲ್‌ಗೆ ಬದಲಿಸಿ, ಅಥವಾ ಕರೆಂಟ್‌ಗೆ ಒಂದೆರಡು ನಿಮಿಷ ಮುಂಚೆ ಎಸ್ಮೋಲಾಲ್ ಪ್ರತಿ ಕಿಲೋಗೆ 1 ಮಿ.ಗ್ರಾಂವರೆಗೆ, ಇಲ್ಲವೇ ಲ್ಯಾಬೆಟಲಾಲ್ ಸ್ವಲ್ಪ ಸ್ವಲ್ಪ. ಎಸ್ಮೋಲಾಲ್ ಜಾಸ್ತಿಯಾದರೆ ಸೆಳವು ಮೊಟಕಾಗುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಸೆಳವನ್ನು ಕೆಡಿಸದೆ ಬಿಪಿ ತಗ್ಗಿಸುತ್ತದೆ, ಆದರೆ ಹತ್ತು ನಿಮಿಷ ನಿಧಾನವಾಗಿ ಕೊಡಬೇಕು, ಎಂಟು ಹತ್ತು ರೋಗಿಗಳ ಸಾಲಿರುವ ಬೆಳಗಿನಲ್ಲಿ ಅದಕ್ಕೆ ಬಿಡುವು ಸಿಗುವುದು ಕಷ್ಟ.

ನಮ್ಮ ಮನೆಯಲ್ಲಿ ಒಬ್ಬರು ಆಪರೇಷನ್ ಆದ ಮೇಲೆ ಗಂಟೆಗಟ್ಟಲೆ ಉಸಿರಾಡಲಿಲ್ಲ. ಹೇಳಬೇಕಾ?

ಖಂಡಿತ ಹೇಳಿ. ಸಕ್ಸಿನೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಕಡಿಮೆ. ನಮ್ಮ ಭಾಗದಲ್ಲಿ ಆರ್ಯ ವೈಶ್ಯ ಸಮುದಾಯದಲ್ಲಿ ಇದು ಹೆಚ್ಚಾಗಿ ಕಂಡುಬಂದಿರುವುದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಇರುವುದು ಮುಂಚೆ ಗೊತ್ತಿದ್ದರೆ ದೊಡ್ಡ ವಿಷಯವೇ ಅಲ್ಲ. ಐದು ನಿಮಿಷಕ್ಕೆ ಉಸಿರು ಬರಬೇಕಾದ ಕಡೆ ಗಂಟೆಗಟ್ಟಲೆ ಹಿಡಿದರೆ ನಿದ್ದೆಯ ಔಷಧ ಮುಂದುವರಿಸಿ ವೆಂಟಿಲೇಟರ್‌ನಲ್ಲಿ ಇಟ್ಟರೆ ತಾನಾಗಿ ಸರಿಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಖಚಿತವಾದರೆ ಮುಂದೆ ರೊಕ್ಯುರೋನಿಯಂ ಕೊಟ್ಟು ಸುಗಮಾಡೆಕ್ಸ್‌ನಿಂದ ತಿರುಗಿಸಬಹುದು.

ಕ್ಯಾಟಟೋನಿಯಾದಲ್ಲಿ ವಾರಗಟ್ಟಲೆ ಅಲ್ಲಾಡದೆ ಮಲಗಿದವರಿಗೂ, ಸುಟ್ಟಗಾಯ, ಪಾರ್ಶ್ವವಾಯು ಆದವರಿಗೂ ಸಕ್ಸಿನೈಲ್‌ಕೋಲಿನ್ ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಅಲ್ಲೂ ಇದೇ ಬದಲಿ.

ಎದ್ದ ತಕ್ಷಣ ಕಿರುಚಾಡ್ತಾರೆ, ಸೂಜಿ ಕಿತ್ಕೊಳ್ತಾರೆ. ಅರಿವಳಿಕೆ ಒಗ್ಗಿಲ್ವಾ?

ಬಹಳ ಸಲ ಇದು ಸೆಳವಿನ ನಂತರದ ಗಲಿಬಿಲಿ, ಔಷಧದ ಅಲರ್ಜಿ ಅಲ್ಲ. ಮೊದಲು ಆಕ್ಸಿಜನ್ ನೋಡಿ, ಇಇಜಿಯಲ್ಲಿ ಸೆಳವು ಪೂರ್ತಿ ನಿಂತಿದೆಯೇ ನೋಡಿ. ಅದೇ ರೋಗಿಗೆ ಪದೇ ಪದೇ ಆದರೆ ಸೆಳವು ಮುಗಿದ ಕೂಡಲೇ ಪ್ರೊಪೊಫಾಲ್ 20ರಿಂದ 30 ಮಿ.ಗ್ರಾಂ ಅಥವಾ ಮಿಡಜೋಲಾಮ್ 1 ಮಿ.ಗ್ರಾಂ ಕೊಟ್ಟರೆ ಹಗುರವಾಗಿ ಏಳುತ್ತಾರೆ. ಕೆಟಮಿನ್ ಕೊಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಪಕ್ಕದಲ್ಲಿ ಪರಿಚಿತ ದನಿಯೊಂದು ಹೆಸರು ಹಿಡಿದು ಕರೆಯುವುದಕ್ಕೂ ಬೆಲೆ ಇದೆ, ಮನೆಯವರನ್ನು ಚೇತರಿಕೆ ಕೋಣೆಗೆ ಬಿಡಿ.

ಬಸುರಿಗೆ ಕೊಡಬಹುದಾ?

ಬೇಕಾದಾಗ ಕೊಡುತ್ತಾರೆ, ಹೆರಿಗೆ ತಜ್ಞರು ಜೊತೆಗಿರಬೇಕು. 20 ವಾರ ದಾಟಿದ ಮೇಲೆ ಎಡಕ್ಕೆ ವಾಲಿಸಿ ಮಲಗಿಸಿ, ಮಗುವಿನ ಹೃದಯಬಡಿತ ಮುಂಚೆಯೂ ಆಮೇಲೆಯೂ ನೋಡಿ. ಕೊನೆಯ ತಿಂಗಳುಗಳಲ್ಲಿ ಸೆವೊಫ್ಲುರೇನ್ ಗರ್ಭಕೋಶದ ಬಿಗಿತ ತಗ್ಗಿಸುವುದರಿಂದ ಕೆಲವರು ಅದನ್ನು ಆರಿಸುತ್ತಾರೆ. ಅತಿಯಾಗಿ ಉಸಿರು ಕೊಡುವುದನ್ನು ಇವರಲ್ಲಿ ಮಾಡಬೇಡಿ, ಮಗುವಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ.

## ಆಳಕ್ಕೆ ಇಳಿದವರಿಗೆ

ಕೋರ್ಸ್ ಮಧ್ಯದಲ್ಲಿ ಅರಿವಳಿಕೆ ಬದಲಾಯಿಸಿದರೆ ಏನಾಗುತ್ತೆ?

ಮೊದಲ ದಿನ ಹುಡುಕಿದ ಮಿತಿ ಅಂದರೆ ಆ ಔಷಧ, ಆ ಡೋಸ್, ಆ ಸಮಯಕ್ಕೆ ಸಿಕ್ಕ ಮಿತಿ. ಥಯೋಪೆಂಟೋನ್‌ನಲ್ಲಿ ಮಿತಿ 60 ಮಿಲಿಕೂಲಂಬ್ (ಒಟ್ಟು ಕರೆಂಟಿನ ಅಳತೆ) ಬಂದು, ಬಲಬದಿಗೆ ಆರು ಪಟ್ಟು ಅಂತ 360 ಕೊಡುತ್ತಿದ್ದೀರಿ ಅಂದುಕೊಳ್ಳಿ. ರಜೆಯ ಮೇಲಿರುವವರ ಬದಲಿಗೆ ಬಂದ ತಜ್ಞರು ಧಾರಾಳವಾಗಿ ಪ್ರೊಪೊಫಾಲ್ ಕೊಟ್ಟು ಮಿತಿ 120ಕ್ಕೆ ಏರಿದರೆ, ಅದೇ 360 ಈಗ ಮೂರು ಪಟ್ಟು ಮಾತ್ರ. ಬಲಬದಿಯ ಇಸಿಟಿಯಲ್ಲಿ ಇದು ಗುಣವಾಗುವುದಕ್ಕೂ ಆಗದಿರುವುದಕ್ಕೂ ನಡುವಿನ ಅಂತರ. ಯಂತ್ರದ ಅಂಕಿ ಬದಲಾಗಿಲ್ಲ, ಸೆಳವೂ ಬಂದಿದೆ, ಆದ್ದರಿಂದ ಯಾರಿಗೂ ಗೊತ್ತೇ ಆಗುವುದಿಲ್ಲ. ಎರಡು ವಾರ ಕಳೆದು ಈ ರೋಗಿಗೆ ಇಸಿಟಿ ಹಿಡಿಯುತ್ತಿಲ್ಲ ಅಂತ ಬರೆಯುತ್ತಾರೆ. ಬದಲಿಸಲೇಬೇಕಾದರೆ ಮಿತಿಯನ್ನು ಮತ್ತೆ ಹುಡುಕಿ, ಅಥವಾ ಸೆಳವಿನ ಗುಣಮಟ್ಟ ನೋಡಿ ಕರೆಂಟ್ ಏರಿಸಿ. ಔಷಧ ಬದಲಿಸದೇ ಇದ್ದರೂ ಕೋರ್ಸ್ ಸಾಗಿದಂತೆ ಮಿತಿ ತಾನಾಗಿ ಏರುತ್ತದೆ ಅನ್ನುವುದನ್ನೂ ಮರೆಯಬೇಡಿ.

ಒಂದು ಅಧ್ಯಯನ ಒಂದು ಹೇಳುತ್ತೆ, ಇನ್ನೊಂದು ಉಲ್ಟಾ. ಯಾಕೆ?

ಸಮಬಲದ ಡೋಸ್ ಹೋಲಿಸದೇ ಇರುವುದು ಮೊದಲ ಕಾರಣ. ಪ್ರೊಪೊಫಾಲ್ 1.5 ಮಿ.ಗ್ರಾಂ ಅನ್ನು ಮೆಥೋಹೆಕ್ಸಿಟಲ್ 0.75 ಮಿ.ಗ್ರಾಂ ಎದುರು ನಿಲ್ಲಿಸಿದರೆ ನಾವು ಔಷಧ ಹೋಲಿಸುತ್ತಿದ್ದೇವೋ ಅರಿವಳಿಕೆಯ ಆಳವನ್ನೋ? ಅನೇಕ ವರದಿಗಳಲ್ಲಿ ಔಷಧದಿಂದ ಕರೆಂಟ್‌ವರೆಗಿನ ಸಮಯ ಬರೆದೇ ಇರುವುದಿಲ್ಲ. ಇನ್ನೊಂದು, ಸೆಳವು ಚೆನ್ನಾಗಿ ಬರದಿದ್ದಾಗ ಮನೋವೈದ್ಯರು ಕರೆಂಟ್ ಏರಿಸಿ ಸರಿದೂಗಿಸುತ್ತಾರೆ, ಇನ್ನೆರಡು ಸಲ ಹೆಚ್ಚು ಕೊಡುತ್ತಾರೆ. ಕೊನೆಯ ಅಂಕ ಸಮ ಬರುತ್ತದೆ, ಅದಕ್ಕೆ ಬೇಕಾದ ಹೆಚ್ಚುವರಿ ಕರೆಂಟ್ ಮತ್ತು ದಿನಗಳು ಕೋಷ್ಟಕದ ಮೂಲೆಯಲ್ಲಿ ಇರುತ್ತವೆ. ಅಧ್ಯಯನ ಓದುವಾಗ ಆ ಮೂಲೆಯನ್ನು ಮೊದಲು ನೋಡಿ.

ಚಾರ್ಟ್‌ನಲ್ಲಿ ಏನೇನು ಬರೆಯಬೇಕು?

ಥಯೋಪೆಂಟೋನ್ ಕೊಟ್ಟಿದೆ ಅಂತ ಬರೆದರೆ ಮುಂದಿನವರಿಗೆ ಉಪಯೋಗವಿಲ್ಲ. ಒಂದು ಸಾಲು ಹೀಗಿದ್ದರೆ ಸಾಕು: 4ನೇ ಇಸಿಟಿ, ತೂಕ 58 ಕಿಲೋ, ಥಯೋಪೆಂಟೋನ್ 175 ಮಿ.ಗ್ರಾಂ, ಸಕ್ಸಿನೈಲ್‌ಕೋಲಿನ್ 40 ಮಿ.ಗ್ರಾಂ, ಅರಿವಳಿಕೆಯಿಂದ ಕರೆಂಟ್‌ಗೆ 125 ಸೆಕೆಂಡ್, ಬಲಬದಿ 360 ಮಿಲಿಕೂಲಂಬ್, ಪಾದದ ಸೆಳವು 31 ಸೆಕೆಂಡ್, ಇಇಜಿ 44, ಕೊನೆಯಲ್ಲಿ ಗೆರೆ ಚಪ್ಪಟೆ, ಗರಿಷ್ಠ ನಾಡಿ 138, ಬಿಪಿ 170/100, ಸ್ವಂತ ಉಸಿರು 5 ನಿಮಿಷಕ್ಕೆ, ಹೆಸರು ಹೇಳಿದ್ದು 14 ನಿಮಿಷಕ್ಕೆ, ರಾತ್ರಿ ಲೊರಾಜೆಪಾಮ್ ಕೊಟ್ಟಿಲ್ಲ. ಇದರ ಕೆಳಗೆ ಆ ವಾರದ ಖಿನ್ನತೆಯ ಅಂಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅರಿವಳಿಕೆಯ ಹಾಳೆ ಒಂದು ಫೈಲಿನಲ್ಲಿ, ಮನೋವೈದ್ಯರ ಹಾಳೆ ಇನ್ನೊಂದು ಫೈಲಿನಲ್ಲಿ ಇದ್ದರೆ ಡೋಸ್ ಏರಿದ ದಿನದಿಂದ ಸುಧಾರಣೆ ನಿಂತಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.